ಮೇಲಿನ ಮೆಟ್ಟಿಲಲ್ಲಿ ಕೂತವರು

ಭಾನುವಾರ, ಮಧ್ಯಾಹ್ನ

ಪರದೆಯ ಹಿಂದೆಯೇ ಆಯುಷ್ಯ ಸವೆಸಿದ ನನ್ನ ಪ್ರಾಂಪ್ಟರ್ ಮಹಾಶಯರಿಗೆ,

ನಿಮ್ಮ ನಾಟಕದ ರಾಣಿಯ ನಮಸ್ಕಾರ. ನೀವೂ ನಿಮ್ಮ ಅಣ್ಣನ ಮನೆಯ ಮಹಡಿ ಕೋಣೆ ಸೇರಿರುತ್ತೀರಿ. ಪ್ರವಾಸ ಹೇಗಿತ್ತೆಂದು ಮಗಳು ಕೇಳಿದಳು. ಬೇರೆ ಬೇರೆ ಇರುವ ಅಪ್ಪ ಅಮ್ಮನನ್ನು ಒಂದೇ ಬಸ್ಸಿಗೆ ಹತ್ತಿಸಿದವಳು, ಫಲಿತಾಂಶ ಬೇಡವೇ ಅವಳಿಗೆ? ಹಾಳುಬಿದ್ದದ್ದನ್ನೆಲ್ಲ ನೋಡಿ ಬಂದೆವು, ಚೆನ್ನಾಗಿತ್ತು ಎಂದೆ.

ಚೆನ್ನಾಗಿಯೇ ಇತ್ತು ರೀ. ನೀರಿಲ್ಲದ ಕೊಳ, ಛಾವಣಿಯಿಲ್ಲದ ಅರಮನೆ, ಮೂಗು ಹೋದ ರಾಜರು. ನಮ್ಮ ಕಂಪನಿಯ ಕೊನೆಗಾಲದ ಪರದೆಗಳು ಇದಕ್ಕಿಂತ ಹಾಳಾಗಿದ್ದವು ಎಂದು ನಾನಂದಾಗ ನೀವು ನಕ್ಕಿರಿ. ಆ ನಗು ಕಂಡೇ ನನಗೆ ಆಸೆ ಹುಟ್ಟಿದ್ದು.

ಆಮೇಲೆ ಬಂತು ನೋಡಿ, ಗುಡ್ಡವನ್ನೇ ಕಡಿದು ಮಾಡಿದ ಆ ಕಲ್ಲಿನ ರಂಗಮಂದಿರ. ಗೈಡ್ ಎಲ್ಲರನ್ನೂ ತುತ್ತತುದಿಯ ಮೆಟ್ಟಿಲಲ್ಲಿ ಕೂರಿಸಿ, ತಾನು ಕೆಳಗಿನ ಅಂಗಳದ ನಡುವೆ ನಿಂತು ಒಂದು ಕಾಗದ ಹರಿದ. ಕಿವಿಯ ಪಕ್ಕದಲ್ಲೇ ಹರಿದಂತೆ ಕೇಳಿಸಿತು. ನೀವು ಬೆಚ್ಚಿದಿರಿ. ಯಾರಾದರೂ ಬಂದು ಮಾತಾಡಿ ಎಂದು ಅವನು ಕರೆದಾಗ ನಾನು ಮಂಡಿನೋವು ಮರೆತು ಇಳಿದೆ. ಇವಳೀಗ ಗುಡುಗುತ್ತಾಳೆ, ಕಿವಿ ಮುಚ್ಚಿಕೊಳ್ಳಿ ಎಂದು ನೀವು ಪಕ್ಕದವರಿಗೆ ಹೇಳಿದ್ದು ಬೆನ್ನ ಹಿಂದೆ ಕೇಳಿಸಿತು. ಮನೆಯಲ್ಲೂ ನಾಟಕ, ಮನೆಯಲ್ಲೂ ಗುಡುಗು, ಈ ಗಂಟಲು ಸಾಕಾಯಿತು ಎಂದು ಪೆಟ್ಟಿಗೆ ಎತ್ತಿಕೊಂಡು ಹೋದವರಲ್ಲವೇ ನೀವು!

ಗುಡುಗಲಿಲ್ಲ. ಜೀವಮಾನವೆಲ್ಲ ಪರದೆಯ ಮರೆಯಿಂದ ನೀವು ನನಗೆ ಮಾತು ಎತ್ತಿಕೊಟ್ಟಿರಲ್ಲ, ಅದೇ ಪಿಸುದನಿಯಲ್ಲಿ ಹೇಳಿದೆ: "ಸಾಕು ರೀ. ಮನೆಗೆ ಬನ್ನಿ. ನನಗೆ ಒಬ್ಬಳೇ ಇರೋಕಾಗ್ತಿಲ್ಲ."

ತಲೆಯೆತ್ತಿದೆ. ನೀವು ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದಿರಿ. ನಾನು ಏದುಸಿರು ಬಿಡುತ್ತಾ ಮೇಲೆ ಬಂದಾಗ ನೀವು ಕೇಳಿದಿರಿ: "ಏನಂದೆ? ಗಾಳಿಗೆ ಒಂದೂ ಕೇಳಿಸ್ಲಿಲ್ಲ."

ಇರಬಹುದು. ವಯಸ್ಸಾಯಿತು, ನಿಮ್ಮ ಕಿವಿಯೂ ಮಂದ. ಯಾವುದೋ ಹಳೇ ನಾಟಕದ ಮಾತು ಬಿಡಿ ಎಂದೆ. ನೀವೂ ಬಿಟ್ಟಿರಿ. ಯಾವ ನಾಟಕ ಎಂದು ಕೇಳಲಿಲ್ಲ. ನಮ್ಮ ನಾಟಕಗಳೆಲ್ಲ ನಿಮಗೆ ಬಾಯಿಪಾಠ.

ನಿಮ್ಮ ಕನ್ನಡಕದ ಡಬ್ಬಿ ನನ್ನ ಚೀಲದಲ್ಲೇ ಉಳಿದಿದೆ. ಮಗಳ ಕೈಲಿ ಕಳಿಸುತ್ತೇನೆ. ನೀವು ಬರುವ ತೊಂದರೆ ಬೇಡ.

ಇಂತಿ,
ಮೈಕಿಲ್ಲದೆ ಕೊನೆಯ ಬೆಂಚು ಮುಟ್ಟುತ್ತಿದ್ದವಳು

ಬರೆಯದೆ ಬಿಡೋಣವೆಂದಿದ್ದೆ: ನಿಮಗಿಂತ ಆಚೆ, ಅದೇ ಮೆಟ್ಟಿಲ ತುದಿಯಲ್ಲಿ ಕೂತಿದ್ದ ನಮ್ಮ ಬಸ್ಸಿನ ಟೀಚರಮ್ಮ, ಕಿವಿಗೆ ಮಷಿನ್ ಹಾಕಿಕೊಂಡವರು, ಬಸ್ಸಿನ ಕಡೆಗೆ ಇಳಿಯುವಾಗ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: "ಅವರು ಮನೆಗೆ ಬರ್ತೀನಿ ಅಂದ್ರಾ, ಅಮ್ಮ?" ಹೂಂ, ಬರ್ತೀನಿ ಅಂದರು, ಎಂದೆ. ಪಾಪ, ನಂಬಿದರು.