ಸಂಕಲ್ಪದಲ್ಲಿ ತಪ್ಪಿದ ಸಂವತ್ಸರ

ಹೊಳೆನರಸೀಪುರ, ೧೦ ಏಪ್ರಿಲ್ ೨೦೦೩, ಗುರುವಾರ

ಹಾಸನದ ಡಾಕ್ಟರನ್ನು ಕಂಡು ಬಂದಾಗಿನಿಂದ ನನ್ನ ಸಂಧ್ಯಾವಂದನೆಯ ಹೊತ್ತಿಗೆ ಹೆಂಡತಿ ರಂಗನಾಯಕಿ ಬಾಗಿಲ ಮರೆಯಲ್ಲಿ ನಿಲ್ಲುತ್ತಾಳೆ. ಡಾಕ್ಟರು ಅವಳಿಗೆ ಬೇರೇನೋ ಹೇಳಿದ್ದಾರೆ ಎಂದು ನನಗೆ ಅನುಮಾನ. ನನಗೆ ಹೇಳಿದ್ದು ಇಷ್ಟು: ಲಿವರ್ ಗಂಟುಗಟ್ಟಿದ್ದರೂ ಕೆಲಸ ಸರಿದೂಗಿಸುತ್ತಿದೆ, ಅದು ಕಾಂಪೆನ್ಸೇಟೆಡ್. ಸೋತರೆ ಡಿಕಾಂಪೆನ್ಸೇಟೆಡ್, ಹೊಟ್ಟೆಯಲ್ಲಿ ನೀರು, ಕಾಮಾಲೆ, ರಕ್ತವಾಂತಿ. ಅನುವಾದ ಮಾಡುವವನು ನಾನು, ಒಂದು ಸಾಲು ಕೈಬಿಟ್ಟಿದ್ದರೆ ಓದುವಾಗ ಗೊತ್ತಾಗುತ್ತದೆ. ಡಾಕ್ಟರ ಮಾತಿನಲ್ಲೂ ಹಾಗೇ ಅನಿಸಿತ್ತು.

ಇವತ್ತು ಸಂಕಲ್ಪದಲ್ಲಿ ಸ್ವಭಾನು ಸಂವತ್ಸರ ಎನ್ನುವ ಬದಲು ಹೋದ ವರ್ಷದ ಚಿತ್ರಭಾನು ಎಂದೆ. ಬಾಗಿಲಲ್ಲಿ ಬಳೆ ಸದ್ದಾಯಿತು.

"ಏನಿದು ಪತ್ತೇದಾರಿಕೆ?" ಎಂದೆ.

"ದಿನ, ವರ್ಷ ತಪ್ಪಿ ಹೇಳಿದ್ರೆ ತಕ್ಷಣ ಕರ್ಕೊಂಡ್ಬನ್ನಿ ಅಂದಿದಾರೆ ಕಣ್ರೀ. ಲಿವರ್ ಸೋತ್ರೆ ಬುದ್ಧಿಗೆ ಮಂಕು ಕವಿಯತ್ತಂತೆ."

"ಯುಗಾದಿ ಆಗಿ ಎಂಟು ದಿನ. ಈ ತಪ್ಪು ಪುರೋಹಿತರೂ ಮಾಡ್ತಾರೆ."

"ಮಾಡ್ಲಿ. ನೀವು ನಿನ್ನೆವರೆಗೂ ಸರಿಯಾಗೇ ಹೇಳ್ತಿದ್ರಿ."

ಹೊರಡಲು ಒಪ್ಪಲಿಲ್ಲ. ಆದರೆ ದಿನವಿಡೀ ಆಡುವ ಮೊದಲು ಒಂದೊಂದು ಮಾತನ್ನೂ ನಾನೇ ಪರೀಕ್ಷಿಸಿದೆ, ಯಾವುದನ್ನೂ ನಂಬಲಾಗಲಿಲ್ಲ. ಈಗ, ನಾಳೆ ಬೆಳಗಿನ ಮೊದಲ ಬಸ್ಸಿಗೆ ಹಾಸನಕ್ಕೆ ಹೋಗೋಣ ಎಂದೆ. ಚೀಲವನ್ನು ಅವಳು ಆಗಲೇ ತುಂಬಿಟ್ಟಿದ್ದಳು. ತೋರಿಸಿಬರಲು ಒಂದು ಪಂಚೆ ಸಾಕಿತ್ತು. ಆರು ಇಟ್ಟಿದ್ದಾಳೆ.