ಬೆಳ್ಳಿಯ ಹೊಟ್ಟೆಯೊಳಗಿನವರು

ಬಿಳಿಚೋಡು
ತಾ. ೧೪-೯-೧೯೩೮

ತೀರ್ಥರೂಪರಾದ ಅಪ್ಪಯ್ಯನವರಿಗೆ ಮಗಳು ಶಂಕರಿಯ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಬೆಳ್ಳಿ ಬದುಕಿದ್ದಾಳೆ. ಇನ್ನು ಗಾಬರಿಯಾಗದೆ ಓದಿ.

ನೀವು ಬಳುವಳಿಯಾಗಿ ಕಳಿಸಿದ ಕುದುರೆ ಬೆಳ್ಳಿಯನ್ನು ಈ ಮನೆಯಲ್ಲಿ ಬೀಗರೆಂದೇ ನೋಡಿದರು. ನ್ಯಾಮತಿಯಲ್ಲಿ ಹಸಿಹುಲ್ಲು ಮೇಯ್ದುಕೊಂಡಿದ್ದವಳಿಗೆ ಇಲ್ಲಿ ಬಂದ ದಿನದಿಂದಲೇ ಬೇಯಿಸಿದ ಹುರುಳಿ, ಮೇಲೆ ಬೆಲ್ಲ. ಸೊಸೆಯ ತವರಿನಿಂದ ಬಂದ ಜೀವ ಬರೀ ಹುಲ್ಲು ತಿಂದರೆ ಊರವರು ಏನಂದಾರು ಎಂದು ನಮ್ಮತ್ತೆ ಬಂಗಾರಮ್ಮನವರ ಚಿಂತೆ.

ಐದನೆಯ ದಿನ ಬೆಳ್ಳಿ ಮೇವು ಬಿಟ್ಟಳು. ಹೊಟ್ಟೆ ಉಬ್ಬಿತು, ಲದ್ದಿ ನಿಂತಿತು, ನೆಲದ ಮೇಲೆ ಹೊರಳಾಡಿದಳು. ನಿಮ್ಮಳಿಯ ಬಟ್ಟೆ ಗಂಟು ಹೇರಿಕೊಂಡು ಇನ್ನು ಸಂತೆ ತಿರುಗಬೇಕಾದದ್ದು ಅವಳ ಬೆನ್ನ ಮೇಲೆಯೇ. ನನಗೆ ಮಾತ್ರ ಸಂತೆ ನೆನಪಾಗಲಿಲ್ಲ. ತವರಿನಿಂದ ನನ್ನ ಜೊತೆ ಬಂದವಳು ಅವಳೊಬ್ಬಳೇ ಅನ್ನಿಸಿ ಗೊಳೋ ಎಂದು ಅತ್ತುಬಿಟ್ಟೆ.

ಜಗಳೂರಿನಿಂದ ದನದ ಡಾಕ್ಟರು ಪಾಪಣ್ಣನವರು ಬಂದು ಔಷಧಿ ಕುಡಿಸಿದರು. "ಕುದುರೆ ಹೊಟ್ಟೆಯಾಗೆ ಕಣ್ಣಿಗೆ ಕಾಣದ ಕೋಟಿ ಜೀವ ಅದಾವ್ರೀ. ಹುಲ್ಲು ಅರಗಿಸಾಕೆ ಅವೇ ಬೇಕು. ಒಮ್ಮೆಗೇ ಕಾಳು ಸುರಿದ್ರೆ ಅವು ಸಾಯ್ತಾವೆ, ಬ್ಯಾರೆವು ಹೆಚ್ಚಿ ಹುಳಿ, ಗಾಳಿ ತುಂಬ್ತಾವೆ. ಮೇವು ಬದಲು ಮಾಡಾದಿದ್ರೆ ಹಿಡಿ ಹಿಡಿ ಮಾಡ್ರಿ" ಅಂದರು. ಇಷ್ಟೊಂದು ತಿನ್ನಿಸಿದ್ದು ಯಾರು ಎಂದು ಗದರಿದರು. ನಾನು ನೆಲ ನೋಡುತ್ತ ನಿಂತೆ. "ನಾನೇ ಕಣಪ್ಪಾ, ಎಲ್ಡು ಹೊತ್ತೂ ನಾನೇ" ಎಂದು ಅತ್ತೆ ಮುಂದೆ ಬಂದರು.

ಮಾರನೆಯ ಬೆಳಿಗ್ಗೆ ಬೆಳ್ಳಿ ಲದ್ದಿ ಹಾಕಿದಳು! ಅಪ್ಪಯ್ಯ, ಲದ್ದಿಗೆ ಕೈಮುಗಿದವರನ್ನು ನೀವು ಕಂಡಿದ್ದೀರಾ? ಅತ್ತೆ ಮುಗಿದರು. ಇವರಂತೂ ಬೀದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು. ನಕ್ಕು ನಕ್ಕು ನನಗೆ ಹೊಟ್ಟೆ ನೋವು ಬಂತು. ಈಗ ಅವಳಿಗೆ ಹುಲ್ಲೇ ಊಟ. ವಾರ ಕಳೆದ ಮೇಲೆ ದಿನಕ್ಕೊಂದು ಹಿಡಿ ಹುರುಳಿ ಕೊಡಬಹುದಂತೆ.

ಇದನ್ನೆಲ್ಲ ಅವ್ವನಿಗೆ ಓದಿ ಹೇಳಿ, ಅವಳೂ ನಗಲಿ.

ನಿಮ್ಮ ಪ್ರೀತಿಯ ಮಗಳು
ಶಂಕರಿ

ತಾ.ಕ.: ಇದೊಂದನ್ನು ಮಾತ್ರ ಅವ್ವನಿಗೆ ಓದಬೇಡಿ. ಅತ್ತೆ ಹಾಕುತ್ತಿದ್ದದ್ದು ಬೆಳಿಗ್ಗೆ ಒಂದು ಸಣ್ಣ ಬೋಗುಣಿ. ಸಂಜೆ ಕದ್ದು ದೊಡ್ಡ ಬೋಗುಣಿ ತುಂಬ ತಿನ್ನಿಸುತ್ತಿದ್ದವಳು ನಾನು. ನಿನ್ನೆ ಅವರ ಮುಂದೆ ತಪ್ಪೊಪ್ಪಿಕೊಂಡೆ. "ಗೊತ್ತೈತೆ ಬಿಡು. ನೀನು ಬಚ್ಚಿಡ್ತಿದ್ದ ಬೋಗುಣಿ ದಿನಾ ತೊಳೀತಿದ್ದೋಳು ನಾನೇ" ಅಂದರು. ಆಗ ನನ್ನ ಬಾಯಿಂದ ಅವರಿಗೆ "ಅವ್ವಾ" ಎಂದು ಬಂದುಬಿಟ್ಟಿತು. ಇನ್ನು ಮೇಲೆ ಹಾಗೆಯೇ ಕರೆಯುತ್ತೇನೆ.