ಮಣೆಯ ಮೇಲೆ ಮೂರು ಸಾಲು

ಫೆಬ್ರವರಿ 3, ಸೋಮವಾರ

ಲೇಸರ್ ಕೊರೆಯುವ ಮೆಷಿನ್ನಿನ ಲೆನ್ಸ್ ಒರೆಸಿದೆ. ಅದನ್ನು ತಣ್ಣಗಿಡುವ ಚಿಲ್ಲರ್‌ಗೆ ನೀರು ತುಂಬಿದೆ. ಹೊಗೆ ಪೈಪು ಮತ್ತೆ ಕಳಚಿಕೊಂಡು ಪಕ್ಕದ ಟೈಲರ್ ಅಂಗಡಿಯೆಲ್ಲ ಹೊಗೆ. ಬೈಸಿಕೊಂಡೆ.

ಹನ್ನೊಂದಕ್ಕೆ ಲಕ್ಕವಳ್ಳಿ ಕಡೆಯವರೊಬ್ಬರು ಬಂದರು. ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಅಂತ ಮರದ ಬೋರ್ಡ್ ಬೇಕಂತೆ. ಎಂಥ ನಾಯಿ ಅಂತ ಕೇಳಿದೆ, ಚಿತ್ರ ಹಾಕಬಹುದು ಅಂತ. ನಾಯಿ ಇಲ್ಲವಂತೆ. ನನ್ನ ಮೆಷಿನ್ ಸುಳ್ಳು ಕೊರೆಯುವುದಿಲ್ಲ ಅಂದೆ. ಮೊದಲು ನಾಯಿ ಸಾಕಿ, ಆಮೇಲೆ ಬನ್ನಿ. ಎದ್ದು ಹೋದರು. ನಾಯಿ ತರಲಿಕ್ಕಲ್ಲ ಅನಿಸುತ್ತದೆ.

ತಿಮ್ಮೇಶ್ ಹಲಗೆಗೆ ಸ್ಯಾಂಡ್‌ಪೇಪರ್ ಉಜ್ಜುವುದನ್ನು ನಿಲ್ಲಿಸಿದ. ಹತ್ತು ದಿನದಲ್ಲಿ ವಾಪಸ್ ಹೋದ ಮೂರನೇ ಗಿರಾಕಿ. ಮೊದಲನೆಯವರು ಹೆಸರಿನ ಮುಂದೆ ಜಾತಿ ಹಾಕು ಅಂದವರು. ಎರಡನೆಯವರು ಅಮ್ಮನನ್ನು ತಂಗಿಯ ಮನೆಗೆ ಸಾಗಿಸಿ ‘ಮಾತೃಕೃಪಾ’ ಬೋರ್ಡ್ ಕೇಳಿದವರು. ಕಡೂರಿನ ಫರ್ನಿಚರ್ ಅಂಗಡಿಯವರು ತಿಮ್ಮೇಶನನ್ನು ಕೆಲಸಕ್ಕೆ ಕರೆಯುತ್ತಿದ್ದಾರಂತೆ. ಇನ್ನೊಬ್ಬರನ್ನು ವಾಪಸ್ ಕಳಿಸಿದರೆ ಉಳಿ, ಕರಗಸ ಕಟ್ಟಿಕೊಂಡು ಹೊರಡುತ್ತಾನಂತೆ.

ತಮಾಷೆಯಲ್ಲ. ಅವನು ಬಡಗಿ. ಮರ ಆರಿಸುವುದು, ಕೊಯ್ಯುವುದು, ಹೊಳಪು ಕೊಡುವುದು ಎಲ್ಲ ಅವನೇ. ನನಗೆ ನೆಟ್ಟಗೆ ಮೊಳೆ ಹೊಡೆಯಲೂ ಬರದು. ಅವನು ಹೋದ ದಿನ ಅಂಗಡಿ ಮುಚ್ಚಬೇಕು… ಅಷ್ಟೇ.

ಫೆಬ್ರವರಿ 5

ಅಮೃತಾಪುರದ ರಘುನಾಥ್ ಬಂದಿದ್ದರು. ಮಗಳು ವಿದ್ಯಾಶ್ರೀ ಮದುವೆ, ಹದಿನಾರಕ್ಕೆ, ಅಜ್ಜಂಪುರದಲ್ಲಿ. ಒಂದು ಜೊತೆ ಹಸೆಮಣೆ ಬೇಕು, ಹಲಸಿನ ಮರದ್ದು. ಮುಂದಿನ ಅಂಚಿಗೆ ಹುಡುಗ-ಹುಡುಗಿಯ ಹೆಸರು. ಅಂಥದ್ದೊಂದನ್ನು ಮದುವೆಯ ಫೋಟೋದವನು ಫೋನಿನಲ್ಲಿ ತೋರಿಸಿದನಂತೆ.

ಆಡಂಬರದ ಮದುವೆಗೆ ನಾನು ವಿರೋಧಿ. ಬಾಯಿ ತೆರೆದೆ. ತಿಮ್ಮೇಶ್ ಹಿಂದಿನಿಂದ ಕೆಮ್ಮಿದ. ಮುಚ್ಚಿದೆ.

ಫೆಬ್ರವರಿ 8

ಮಣೆ ತಯಾರು. ಹಲಸು ಅರಿಶಿನದ ಬಣ್ಣಕ್ಕೆ ಬಂದಿದೆ. ತಿಮ್ಮೇಶನ ಕೈಗೆ ಕೈ ಮುಗಿಯಬೇಕು (ಮುಗಿಯಲಿಲ್ಲ).

ನೋಡುತ್ತಾ ಕೂತಾಗ ಹೊಳೆಯಿತು. ಅಂಚಿನಲ್ಲಿ ಹೆಸರು ಹಾಕಿ, ಇಷ್ಟಗಲದ ಮೇಲ್ಮೈ ಖಾಲಿ ಬಿಡುವುದೇ? ಗಂಡು-ಹೆಣ್ಣು ಜೊತೆಯಾಗಿ ಕೂರುವ ಜಾಗ. ಸಮಾನತೆಯನ್ನು ಇಲ್ಲಿ ಹೇಳದೆ ಇನ್ನೆಲ್ಲಿ ಹೇಳುವುದು? ಬಸ್ ಸ್ಟ್ಯಾಂಡಿನ ಹಳೇ ಪುಸ್ತಕದವನ ಹತ್ತಿರ ತಂದ ವಿಚಾರವಾದದ ಕಿರುಹೊತ್ತಿಗೆಗಳನ್ನು ಮತ್ತೆ ತಿರುವಿದೆ. ನನ್ನದೇ ಮಾತಿನಲ್ಲಿ ಬರೆದೆ —

*ಇಲ್ಲಿ ಕೂತ ಇಬ್ಬರೂ ಸಮಾನರು.*
*ದುಡಿಮೆ ಇಬ್ಬರದು, ಅಡುಗೆ ಇಬ್ಬರದು.*
*ಕೊನೆಯ ಮಾತೂ ಇಬ್ಬರದು.*

ಎರಡು ಮಣೆಗೂ. ನಟ್ಟನಡುವೆ.

ಫೆಬ್ರವರಿ 9, ಸಂಜೆ

ಕೊರೆದಾಯಿತು. ‘ಸಮಾನ’ ಆಗುವ ಹೊತ್ತಿಗೆ ಕರೆಂಟ್ ಹೋಯಿತು. ಮುಕ್ಕಾಲು ಗಂಟೆ ಕಾದು, ಹಲಗೆ ಅಲುಗಿಸದೆ ‘ರು’ವಿನಿಂದ ಮುಂದುವರಿಸಿದೆ. ಸೇರಿಸಿದ್ದು ಗೊತ್ತಾಗುವುದಿಲ್ಲ.

ತಿಮ್ಮೇಶ್ ನೋಡಿ ತಲೆ ಮೇಲೆ ಕೈ ಇಟ್ಟ. ಕೂರುವ ಮಣೆಯ ಮೇಲೆ ಅಕ್ಷರ ಹಾಕುತ್ತಾರೇನೋ ಅಂತ. ಯಾಕೆ ಹಾಕಬಾರದು, ಕಾರಣ ಕೊಡು ಅಂದೆ. ಹಾಕಬಾರದು ಅಂದ. ಅದು ಕಾರಣವಲ್ಲ, ಮೂಢನಂಬಿಕೆ ಅಂದೆ. ಬೇರೆ ಜೊತೆ ಮಾಡಲು ಒಣಗಿದ ಹಲಸಿಲ್ಲ. “ಪ್ಯಾಕ್ ಮಾಡು. ದೇವರವ್ನೆ,” ಅಂದ. ಇಲ್ಲ ಅಂದೆ. ಮಾತು ಬಿಟ್ಟಿದ್ದಾನೆ.

ಫೆಬ್ರವರಿ 13

ರಘುನಾಥ್ ಬಸ್ಸಿನ ಅವಸರದಲ್ಲಿ ಬಂದು ಪ್ಯಾಕಿಂಗ್ ಬಿಚ್ಚದೆ ಒಯ್ದರು. ನಮ್ಮಿಬ್ಬರಿಗೂ ಲಗ್ನಪತ್ರಿಕೆ. ಕಿರುಹೊತ್ತಿಗೆ ಇಪ್ಪತ್ತು ಪ್ರತಿ ತೆಗೆದಿಟ್ಟಿದ್ದೇನೆ, ಊಟದ ಪಂಕ್ತಿಯಲ್ಲಿ ಹಂಚಲು.

ಫೆಬ್ರವರಿ 16, ಭಾನುವಾರ, ಮಧ್ಯಾಹ್ನ ಮೂರು

ಅಜ್ಜಂಪುರದ ಬಸ್ ಸ್ಟಾಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಊಟ ಮಾಡಲಿಲ್ಲ. ಹೋಳಿಗೆ ಇತ್ತು.

ಮುಹೂರ್ತಕ್ಕೆ ಕಾಲು ಗಂಟೆ ಇದ್ದಾಗ ಮಣೆ ಬಿಚ್ಚಿ ಇಟ್ಟರು. ಹುಡುಗಿ ಕೂರಲು ಬಗ್ಗಿದಳು. ಅವಳ ಅಜ್ಜಿ ಕಾಶಮ್ಮ ರಟ್ಟೆ ಹಿಡಿದು ನಿಲ್ಲಿಸಿದರು. ಬರಹವೇನು ಅಂತ ಅವರು ಕೇಳಲೂ ಇಲ್ಲ, ಅವರಿಗೆ ಓದು ಬರದು. ಅಕ್ಷರದ ಮೇಲೆ ನಮ್ಮ ಮಗು ಕೂರಲ್ಲ, ಅಷ್ಟೇ. ಹುಡುಗನ ಕಡೆಯವರೂ ಹೌದೌದು ಅಂದರು. ಎರಡೂ ಕಡೆಯ ಬೀಗರು ಒಂದೇ ಮಾತು ಆಡಿದ್ದು ಇಡೀ ಮದುವೆಯಲ್ಲಿ ಅದೊಂದೇ ಇರಬೇಕು. ಅಂಚಿಗೆ ಹಾಕು ಅಂದಿದ್ದೆನಲ್ಲ ಅಂತ ರಘುನಾಥ್ ನನ್ನನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನಾನು ಮುಂದೆ ಹೋದೆ. ಹೋಗಲೇಬೇಕಲ್ಲ.

“ಅಜ್ಜಿ, ಅದು ಬರೀ ಸುಟ್ಟ ಮರ. ಅಕ್ಷರ ಅನ್ನೋದು ಮನುಷ್ಯ ಮಾಡ್ಕೊಂಡ ಗೀಟು.”

ಕಾಶಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಯಾರ ಮಗನಪ್ಪಾ ನೀನು? ಹೆಸರೇನು?”

ಓಂಕಾರೇಶ್ ಅಂದೆ. ಹೆಸರು ನನ್ನ ಆಯ್ಕೆಯಲ್ಲ. ಆದರೂ ಜನ ನಕ್ಕರು.

“ಜೇಬಲ್ಲಿ ಅದೇನದು?”

ಕಿರುಹೊತ್ತಿಗೆ ಅಂದೆ, ವಿಚಾರದ ಪುಸ್ತಕ. ಒಂದು ಕೇಳಿ ಇಸ್ಕೊಂಡರು. ಹಿಂದೆ ಮುಂದೆ ತಿರುವಿದರು. ಮಣೆಯ ಪಕ್ಕದಲ್ಲಿ, ನೆಲದ ಮೇಲೆ, ಮಗುವನ್ನು ಮಲಗಿಸಿದ ಹಾಗೆ ಇಟ್ಟರು.

“ಇದರ ಮ್ಯಾಲೆ ಕುಂತ್ಕೋ ಮಗಾ. ನೀನು ಕುಂತ್ರೆ ಅವಳೂ ಕುಂತ್ಕತಾಳೆ.”

ಓಲಗದವರು ನಿಲ್ಲಿಸಿದರು. ಹದಿನಾರು ಪುಟದ ಕಾಗದ. ಕೂತರೆ ಮುಗಿಯಿತು. ವೈಜ್ಞಾನಿಕವಾಗಿ ಯಾವ ಅಡ್ಡಿಯೂ ಇಲ್ಲ. ಮಂಡಿ ಬಗ್ಗಿತು. ಅರ್ಧದಲ್ಲಿ ನಿಂತಿತು. ಕಡೂರು ರೈಲಿಗೆ ಕಾಯುತ್ತಾ ಪೆನ್ಸಿಲ್ಲಿನಲ್ಲಿ ಗೆರೆ ಎಳೆದುಕೊಂಡು ಓದಿದ ಪ್ರತಿ ಅದೇ ಆಗಿತ್ತು… ಕುರ್ಚಿಯಿಲ್ಲದ ಕಡೆ ಕುರ್ಚಿಯಲ್ಲಿ ಕೂತವನ ಹಾಗೆ ಎಷ್ಟು ಹೊತ್ತು ಇದ್ದೆನೋ. ಬಗ್ಗಿ ಪುಸ್ತಕ ಎತ್ತಿಕೊಂಡೆ. ಮತ್ತೆ — ಇದನ್ನು ಇಲ್ಲಿ ಬಿಟ್ಟು ಎಲ್ಲೂ ಬರೆಯುವುದಿಲ್ಲ — ಕಣ್ಣಿಗೆ ಒತ್ತಿಕೊಂಡೆ.

ವಿಡಿಯೋದವನು ಹತ್ತಿರ ಬಂದು ತೆಗೆದ.

ಕಾಶಮ್ಮ ನಗಲಿಲ್ಲ. “ಒಳ್ಳೇ ಮನೆ ಮಗ,” ಅಂದರು. ಅದಕ್ಕಿಂತ ನಕ್ಕಿದ್ದರೆ ವಾಸಿ.

ಮಣೆ ತಿರುಗಿಸಿ ಹಾಕೋಣವೆಂದರೆ ಅಡಿಪಟ್ಟಿ ಮೇಲೆ ಬರುತ್ತದೆ, ಕೂತರೆ ಚುಚ್ಚುತ್ತದೆ. ಕೊನೆಗೆ ತಿಮ್ಮೇಶ್ ಜಮಖಾನ ಮಡಿಸಿ ಹಾಸಿ, ಎರಡೂ ಮಣೆಯನ್ನು ಹುಡುಗ-ಹುಡುಗಿಯ ಹಿಂದೆ ಕಂಬಕ್ಕೆ ಒರಗಿಸಿ ನಿಲ್ಲಿಸಿದ. ಬೋರ್ಡ್ ನಿಲ್ಲಿಸಿದ ಹಾಗೆ. ಮುಹೂರ್ತ ತಪ್ಪಲಿಲ್ಲ. ಅಕ್ಷತೆ ಹಾಕಲು ಬಂದವರೆಲ್ಲ ನಿಂತು ಓದಿದರು. ಒಬ್ಬಾಕೆ ಗಂಡನನ್ನು ಕರೆದು ಎರಡನೇ ಸಾಲು ಓದಿಸಿದಳು. ವಿದ್ಯಾಶ್ರೀ ಹಿಂದೆ ತಿರುಗಿ ಪೂರ್ತಿ ಓದಿ, ಹುಡುಗನಿಗೆ ಮೆಲ್ಲಗೆ, “ಕೊನೇ ಸಾಲು ನೋಡಿದ್ರಾ?” ಅಂದಳು. ಅವನು ನೋಡಿದೆ ಅಂದ. ದನಿ ಚಿಕ್ಕದಾಗಿತ್ತು.

ಕೂತಿದ್ದರೆ ಒಬ್ಬರೂ ಓದುತ್ತಿರಲಿಲ್ಲ. ಇದನ್ನು ತಿಮ್ಮೇಶನಿಗೆ ಹೇಳಲು ಹೋದೆ. ಅವನು ಆಗಲೇ ಹಿಂದಿನ ಬಸ್ಸಿಗೆ ಹೋಗಿದ್ದ.

ಫೆಬ್ರವರಿ 17

ತಿಮ್ಮೇಶ್ ಬರಲಿಲ್ಲ. ಉಳಿ, ಕರಗಸದ ಚೀಲವೂ ಇಲ್ಲ.

ಫೆಬ್ರವರಿ 21

ನಾಲ್ಕು ದಿನ ಬಾಗಿಲು ತೆಗೆದೆ, ಮುಚ್ಚಿದೆ. ಪ್ಲೈವುಡ್ ತುಂಡಿನಲ್ಲಿ ಕೀಚೈನ್ ಕೊರೆದೆ. ನಿನ್ನೆ ನಾನೇ ಹಲಗೆ ಕೊಯ್ದೆ. ಅದು ಈಗ ಯಾವ ಆಕಾರದಲ್ಲಿದೆ ಎಂದು ಹೇಳಲು ಗಣಿತದಲ್ಲಿ ಪದವಿಲ್ಲ.

ಇವತ್ತು ರಘುನಾಥ್ ಫೋನ್. ಬೈಗುಳಕ್ಕೆ ತಯಾರಾಗಿ ಎತ್ತಿದೆ. ಹುಡುಗನ ಅತ್ತಿಗೆಗೆ ಅದೇ ಮೂರು ಸಾಲಿನ ಬೋರ್ಡ್ ಬೇಕಂತೆ, ಅಡುಗೆಮನೆ ಬಾಗಿಲಿಗೆ. ಅವರ ಇನ್ನೊಬ್ಬ ವಾರಗಿತ್ತಿಗೂ ಒಂದು. ಹಲಗೆ ಚೆನ್ನಾಗಿರಬೇಕು, ಆ ಬಡಗಿ ಕೈಯದ್ದೇ ಆಗಬೇಕು ಅಂದರು.

ತಿಮ್ಮೇಶನ ಮನೆಗೆ ಹೋದೆ. ಕಡೂರಿನವರು ನಾಳೆಯೇ ಬಾ ಅಂದಿದ್ದಾರಂತೆ. ತಪ್ಪಾಯಿತು ಅಂದೆ. ಎರಡು ಸಲ ಅನ್ನಿಸಿದ. ಆಮೇಲೆ ಒಂದು ಷರತ್ತು ಹಾಕಿದ.

ಫೆಬ್ರವರಿ 22, ಮಧ್ಯಾಹ್ನ ಎರಡು

ತಿಮ್ಮೇಶ್ ಬಂದಿದ್ದಾನೆ. ಚೀಲ ಹೆಗಲಿನಿಂದ ಇಳಿಸಿಲ್ಲ. ಷರತ್ತು: ಅಂಗಡಿ ಮುಂದೆ ಬೋರ್ಡ್ ಹಾಕಬೇಕು — ‘ಕೂರುವ, ತುಳಿಯುವ ಸಾಮಾನಿನ ಮೇಲೆ ಅಕ್ಷರ ಕೊರೆಯುವುದಿಲ್ಲ.’ ಹಲಗೆ ಅವನೇ ತಂದು ಮೆಷಿನ್ನಿನಲ್ಲಿ ಇಟ್ಟಿದ್ದಾನೆ. ಎರಡೂವರೆಗೆ ಕಡೂರು ಬಸ್ಸು ಅಂತ ಎರಡು ಸಲ ಹೇಳಿದ.

ಒಪ್ಪಿದೆ. ಟೈಪ್ ಮಾಡಿದೆ. ಆದರೆ ಕಾರಣವಿಲ್ಲದ ನಿಯಮ ಅಪ್ಪಣೆಯಾಗುತ್ತದೆ, ಅಪ್ಪಣೆ ನನ್ನ ಅಂಗಡಿಯಲ್ಲಿ ನಡೆಯುವುದಿಲ್ಲ. ಕೆಳಗೆ ಕಾರಣ ಹಾಕಲೇಬೇಕು ಅಂದೆ. ಹಾಕ್ಕೋ, ಬೇಗ ಹಾಕ್ಕೋ ಅಂದ.

‘ಅಜ್ಜಿಯರು ಬೈಯುತ್ತಾರೆ’ — ಕಾರಣವಲ್ಲ. ಅಳಿಸಿದೆ. ‘ಅಕ್ಷರದಲ್ಲಿ ಧೂಳು ಕೂರುತ್ತದೆ’ — ಬೋರ್ಡಿನಲ್ಲೂ ಕೂರುತ್ತದೆ. ಅಳಿಸಿದೆ. ‘ಜನರ ಭಾವನೆ’ — ಜನರದ್ದು ಅಂದರೆ ಸುಳ್ಳು. ಆ ದಿನ ಅರ್ಧಕ್ಕೆ ನಿಂತದ್ದು ಜನರ ಮಂಡಿಯಲ್ಲ.

ಎರಡು ಇಪ್ಪತ್ತು. ತಿಮ್ಮೇಶ್ ಬಾಗಿಲಲ್ಲಿ ನಿಂತಿದ್ದಾನೆ. “ಏನಾಯ್ತೋ ಓಂಕಾರ?”

ಇನ್ನೊಂದು ಸಲ —

ಕಾರಣ: ನಮಗೆ ಮನಸ್ಸು ಬರುವುದಿಲ್ಲ.